ಗಳಗನಾಥರನ್ನು ಗೆಳೆಯರಿಗೆ ಓದಿಸಿದ ಬಗೆ

ಹಾವೇರಿಯಲ್ಲಿ ಗಳಗನಾಥರ ಹೆಸರು ಕೇಳದವರು ಸಿಗುವುದು ಕಷ್ಟ. ಅವರ ಒಂದು ಕಾದಂಬರಿಯನ್ನಾದರೂ ಪೂರಾ ಓದಿದವರು ಸಿಗುವುದು ಇನ್ನೂ ಕಷ್ಟ. ನಮ್ಮ ಗುಂಪಿನಲ್ಲಿ ಎಂಟು ಮಂದಿ. ಎಲ್ಲರೂ ಒಂದೇ ಹೈಸ್ಕೂಲಿನವರು, ಎಲ್ಲರೂ ಅರವತ್ತು ದಾಟಿದವರು, ಭಾನುವಾರ ಸಂಜೆ ಒಬ್ಬರ ಮನೆಯ ಪಡಸಾಲೆಯಲ್ಲಿ ಕೂಡಿ, ಗಿರಮಿಟ್ಟು-ಮಿರ್ಚಿ ತಿಂದು, ಚಹಾ ಕುಡಿದು ಏಳುವವರು. ಎಂಟರಲ್ಲಿ ಏಳು ಮಂದಿಗೆ ಗಳಗನಾಥರೆಂದರೆ ಪರೀಕ್ಷೆಯ ಒಂದು ಅಂಕದ ಪ್ರಶ್ನೆ: ‘ಕಾದಂಬರಿ ಪಿತಾಮಹ’ ಎಂದು ಯಾರನ್ನು ಕರೆಯುತ್ತಾರೆ? ಈ ಏಳು ಮಂದಿ ಅವರ ‘ಕನ್ನಡಿಗರ ಕರ್ಮಕಥೆ’ ಕಾದಂಬರಿಯನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸಲು ಇಪ್ಪತ್ತೊಂದು ಕಂತು, ಹತ್ತು ತಿಂಗಳು ಹಿಡಿಯಿತು. ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲಿ ಎಂದು, ಏನು ಮಾಡಿದೆವು, ಎಲ್ಲಿ ಕೆಟ್ಟಿತು, ಎಷ್ಟು ಖರ್ಚಾಯಿತು ಎಂಬುದನ್ನು ಬರೆದಿಟ್ಟಿದ್ದೇವೆ.

ಮೊದಲು ಕೈಬಿಡಬೇಕಾದದ್ದು ಆ ಪಿತಾಮಹ ಬಿರುದನ್ನೇ. ನಮ್ಮೂರಿನಲ್ಲಿ ದೊಡ್ಡವರಿಗೆ ಏಲಕ್ಕಿ ಮಾಲೆ ಹಾಕುವ ಪದ್ಧತಿ. ಮಾಲೆ ಹಾಕಿದ ಮೇಲೆ ಕೈಮುಗಿದು ದೂರ ನಿಲ್ಲುತ್ತೇವೆ, ಪಕ್ಕದಲ್ಲಿ ಕೂತು ಹರಟುವುದಿಲ್ಲ. ಗಳಗನಾಥರಿಗೆ ಆದದ್ದೂ ಅದೇ. ‘ಪಿತಾಮಹರ ಪುಸ್ತಕ ಓದೋಣ’ ಎಂದರೆ ಗೆಳೆಯರ ಮುಖದಲ್ಲಿ ಗೌರವ ಬರುತ್ತದೆ, ಕುತೂಹಲ ಬರುವುದಿಲ್ಲ. ‘ರಕ್ಕಸತಂಗಡಿ ಯುದ್ಧ ಹೆಂಗ ಸೋತ್ರು ಅಂತ ನಮ್ಮ ಅಗಡಿ ಮಾಸ್ತರ ಬರದಾರ, ಕೇಳ್ತೀರೇನು?’ ಎಂದರೆ ‘ಹೇಳಲಾ’ ಎನ್ನುತ್ತಾರೆ.

ಗೊತ್ತಿಲ್ಲದವರಿಗೆ ಎರಡು ಸಾಲು. ವೆಂಕಟೇಶ ತಿರಕೋ ಕುಲಕರ್ಣಿ, 1869ರಿಂದ 1942. ವರದೆ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥ ಗ್ರಾಮದವರು, ಊರ ಹೆಸರೇ ಕಾವ್ಯನಾಮ. ವೃತ್ತಿಯಿಂದ ಶಾಲಾ ಮಾಸ್ತರರು. ಆಮೇಲೆ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ಶುರುವಾದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಸಿದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ನಡೆದು, ಮನೆಮನೆಗೆ ಹೋಗಿ ಮಾರಿದವರು. ನಮ್ಮ ಕೆಲಸಕ್ಕೆ ಉಪಯೋಗವಾದದ್ದು ಬಿರುದಿಗಿಂತ ಈ ಕೊನೆಯ ಸಂಗತಿ. ಓದುಗ ಅಂಗಡಿಗೆ ಬರುವುದಿಲ್ಲ, ಪುಸ್ತಕವೇ ಅವನ ಕಟ್ಟೆಗೆ ಹೋಗಬೇಕು ಎಂಬುದು ಅವರಿಗೆ ನೂರು ವರ್ಷದ ಹಿಂದೆಯೇ ಗೊತ್ತಿತ್ತು. ನಾವು ಅದನ್ನು ಎರಡು ಸಲ ಸೋತು ಕಲಿತೆವು.

ಮೊದಲ ಸೋಲು ವಾಟ್ಸಾಪಿನದು. ಅಂತರ್ಜಾಲದಲ್ಲಿ ಸಿಕ್ಕ ಸ್ಕ್ಯಾನ್ ಪ್ರತಿಯನ್ನು ಗುಂಪಿಗೆ ಕಳಿಸಿದೆವು. 38 ಎಂಬಿ. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು, ಯಾರೂ ನಾಲ್ಕನೆಯ ಪುಟ ದಾಟಲಿಲ್ಲ. ಕಾರಣ ಸೋಮಾರಿತನವಲ್ಲ. ಹಳೆಯ ಪುಟದ ಸ್ಕ್ಯಾನ್ ಎಂದರೆ ಅದು ಚಿತ್ರ. ಫೋನಿನಲ್ಲಿ ಹಿಗ್ಗಿಸಿದರೆ ಸಾಲು ಪರದೆಯಾಚೆ ಹೋಗುತ್ತದೆ, ಕುಗ್ಗಿಸಿದರೆ ಒತ್ತಕ್ಷರ ಕಾಣುವುದಿಲ್ಲ. ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೆ ಬಲಕ್ಕೆ ಎಳೆಯಬೇಕು. ಒಂದು ಪುಟದಲ್ಲಿ ಇಪ್ಪತ್ತೈದು ಸಾಲಿದ್ದರೆ ಐವತ್ತು ಎಳೆತ. ಯಾರು ಮಾಡುತ್ತಾರೆ?

ಎರಡನೆಯದು ಕೈಬದಲು. ಒಬ್ಬರ ಮನೆಯ ಅಟ್ಟದ ಮೇಲೆ ಸಿಕ್ಕ ಹಳೆಯ ಪ್ರತಿಯನ್ನು ಸರದಿಯಂತೆ ಓದುವುದೆಂದು ಮಾಡಿದೆವು. ನಾಲ್ಕು ತಿಂಗಳಾದರೂ ಪುಸ್ತಕ ಮೂರನೆಯವನ ಮನೆ ದಾಟಲಿಲ್ಲ, ಅಷ್ಟರಲ್ಲಿ ಬೆನ್ನಿನ ಹೊಲಿಗೆ ಬಿಟ್ಟಿತ್ತು. ಆ ಕಾಲದ ಅಗ್ಗದ ಕಾಗದದಲ್ಲಿ ಹುಳಿ ಅಂಶ ಇರುತ್ತದೆ. ವರ್ಷ ಕಳೆದಂತೆ ಹಾಳೆ ಹಳದಿಗಟ್ಟಿ, ಮಡಿಚಿದಲ್ಲಿ ಹಪ್ಪಳದಂತೆ ಮುರಿಯುತ್ತದೆ. ಇಂಥ ಪುಸ್ತಕವನ್ನು ಕೈಬದಲು ಓಡಾಡಿಸಬಾರದು, ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ ಒತ್ತಲಂತೂ ಬಾರದು. ಒತ್ತಿದರೆ ನಕಲು ಬರುತ್ತದೆ, ಪುಸ್ತಕ ಹೋಗುತ್ತದೆ.

ಆಮೇಲೆ ಹಿಡಿದ ದಾರಿ: ಪಠ್ಯವನ್ನು ಯಾವ ಫೋನಿನಲ್ಲಾದರೂ ಓದಬಹುದಾದ ಯೂನಿಕೋಡ್ ಅಕ್ಷರಕ್ಕೆ ತಂದು, ದಪ್ಪ ಅಕ್ಷರದಲ್ಲಿ ಕಂತುಕಂತಾಗಿ ಸಣ್ಣ ಪುಸ್ತಿಕೆ ಮಾಡಿ, ಹದಿನೈದು ದಿನಕ್ಕೊಮ್ಮೆ ಕೂಡಿದಾಗ ಗಟ್ಟಿಯಾಗಿ ಓದುವುದು. ಕೆಲಸ ಹೆಚ್ಚು, ಆದರೆ ನಡೆಯಿತು.

ಯಾವ ಪುಸ್ತಕ ಎನ್ನುವುದರಲ್ಲಿ ಚರ್ಚೆಯಾಯಿತು. ವಿಜಯನಗರ ಸ್ಥಾಪನೆಯ ಕಾಲದ ‘ಮಾಧವ ಕರುಣಾ ವಿಲಾಸ’ ಹೆಸರಾದದ್ದು, ಆದರೆ ದಪ್ಪ ಪುಸ್ತಕ. ಮೊದಲ ಕಾದಂಬರಿ ‘ಪ್ರಬುದ್ಧ ಪದ್ಮನಯನೆ’ಗೆ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದ ಬಹುಮಾನ ಬಂದಿತ್ತು, ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ, ಗೆಳೆಯರನ್ನು ಹಿಡಿದು ಕೂಡಿಸಲು ಅಷ್ಟು ಸಾಲದು. ‘ಕನ್ನಡಿಗರ ಕರ್ಮಕಥೆ’ ಆಯ್ದುಕೊಂಡದ್ದಕ್ಕೆ ಕಾರಣ ಸರಳ. ವಿಜಯನಗರ ಬಿದ್ದದ್ದು ಎಲ್ಲರಿಗೂ ಗೊತ್ತು, ಹಂಪಿಯನ್ನು ಎಲ್ಲರೂ ನೋಡಿದ್ದಾರೆ, ಅಳಿಯ ರಾಮರಾಯನ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯವಿದೆ. ಕೊನೆ ಗೊತ್ತಿರುವ ಕಥೆಯನ್ನು ಬಿಟ್ಟುಬಿಟ್ಟು ಓದಿದರೂ ಎಳೆ ತಪ್ಪುವುದಿಲ್ಲ. ಒಂದು ಭಾನುವಾರ ಮದುವೆಗೆ ಹೋದವ ಮುಂದಿನ ಸಲ ಬಂದು ಸುಮ್ಮನೆ ಸೇರಿಕೊಳ್ಳಬಹುದು. ನಮ್ಮ ವಯಸ್ಸಿನ ಗುಂಪಿಗೆ ಇದು ಸಣ್ಣ ವಿಷಯವಲ್ಲ. ಮದುವೆ ಹಂಗಾಮಿನಲ್ಲಿ ಎಂಟು ಮಂದಿ ಒಟ್ಟಿಗೆ ಸಿಗುವ ಭಾನುವಾರವೇ ಇಲ್ಲ.

ನಕಲು ಮಾಡುವ ಮುಂಚೆ ಹಕ್ಕಿನ ವಿಚಾರ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ಮರುವರ್ಷದ ಮೊದಲ ದಿನದಿಂದ 60 ವರ್ಷ ಹಕ್ಕು ಇರುತ್ತದೆ. ಮೊದಲು 50 ಇತ್ತು, 1992ರ ತಿದ್ದುಪಡಿಯಲ್ಲಿ 60 ಆಯಿತು. 1942ರಲ್ಲಿ ತೀರಿಕೊಂಡ ಗಳಗನಾಥರ ಬರಹ ಹೀಗೆ 2003ರ ಜನವರಿ 1ರಿಂದ ಎಲ್ಲರದು. ಆದರೆ ಈಚಿನ ಮರುಮುದ್ರಣಕ್ಕೆ ಯಾರಾದರೂ ಬರೆದ ಮುನ್ನುಡಿ, ಟಿಪ್ಪಣಿ, ಹೊಸ ಮುಖಪುಟ ಅವರವರ ಸ್ವತ್ತು, ಅವನ್ನು ಎತ್ತಿಕೊಳ್ಳಬಾರದು. ಹಳೆಯ ಮುದ್ರಣದ ಪಠ್ಯವನ್ನಷ್ಟೇ ತೆಗೆದುಕೊಂಡೆವು. ನೀವು ಓದಿಸಬೇಕೆಂದಿರುವ ಲೇಖಕರು 1984ರಲ್ಲಿ ತೀರಿಕೊಂಡಿದ್ದರೆ 2044ರ ಕೊನೆಯವರೆಗೆ ಈ ದಾರಿ ಇಲ್ಲ. ಆಗ ಮನೆಯವರ ಒಪ್ಪಿಗೆ ಕೇಳಬೇಕು, ಇಲ್ಲವೇ ಎಂಟು ಪ್ರತಿ ಕೊಳ್ಳಬೇಕು. ಮರುಮುದ್ರಣ ಅಂಗಡಿಯಲ್ಲಿ ಸಿಗುವಂತಿದ್ದರೆ ಕೊಳ್ಳುವುದೇ ಮೇಲು, ಮುಂದೆ ಹೇಳುವ ಎಂಬತ್ತು ತಾಸಿಗೂ ಮಿಕ್ಕಿದ ಕೆಲಸ ತಪ್ಪುತ್ತದೆ.

ಸ್ಕ್ಯಾನ್ ಹುಡುಕುವವರಿಗೆ ಒಂದು ಮಾತು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮಾಡಿದ ಕನ್ನಡ ಪುಸ್ತಕಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿ ಸಾವಿರಗಟ್ಟಲೆ ಇವೆ, ಆದರೆ ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಮನಬಂದಂತೆ ಹೊಡೆದಿದ್ದಾರೆ. ದೀರ್ಘಕ್ಕೆ ಒಂದು ಕಡೆ ಎರಡು ಸ್ವರ, ಇನ್ನೊಂದು ಕಡೆ ಒಂದೇ. ಲೇಖಕರ ಜಾಗದಲ್ಲಿ ಪ್ರಕಾಶಕರು, ವರ್ಷದ ಜಾಗದಲ್ಲಿ ಸೊನ್ನೆ. ಕನ್ನಡದಲ್ಲಿ ಹುಡುಕಿ ಸಿಗದಿದ್ದರೆ ಇಲ್ಲವೆಂದು ಬಿಡಬೇಡಿ. ‘ಗಳಗನಾಥ’, ‘ಕುಲಕರ್ಣಿ’, ಪುಸ್ತಕದ ಹೆಸರಿನ ಒಂದೇ ಪದ, ಹೀಗೆ ನಾಲ್ಕಾರು ಕಾಗುಣಿತದಲ್ಲಿ ಹಾಕಿ ನೋಡಬೇಕು. ಸಿಕ್ಕ ಮೇಲೆ ಮೊದಲ ಕೆಲಸ ಪುಟ ಎಣಿಸುವುದು. ಸ್ಕ್ಯಾನ್ ಮಾಡುವವರ ಕೈಯಲ್ಲಿ ಎರಡು ಹಾಳೆ ಒಟ್ಟಿಗೆ ತಿರುವಿ ಹೋಗಿರುತ್ತವೆ, ಇಲ್ಲವೇ ಒಂದೇ ಪುಟ ಎರಡು ಸಲ ಬಂದಿರುತ್ತದೆ.

ನಮ್ಮ ಸ್ಕ್ಯಾನಿನಲ್ಲಿ ಮಸುಕಾಗಿದ್ದ ಪುಟಗಳನ್ನು ಅಟ್ಟದ ಪ್ರತಿಯಿಂದ ಫೋಟೋ ತೆಗೆದೆವು. ಬೆಳಗಿನ ಒಂಬತ್ತರ ಹೊತ್ತಿಗೆ ಕಿಟಕಿಯ ಪಕ್ಕ ಮೇಜು, ಬೆಳಕು ಎಡಗಡೆಯಿಂದ. ಪುಸ್ತಕವನ್ನು ಪೂರಾ ಬಿಚ್ಚದೆ, ಎರಡೂ ಕಡೆ ದಿಂಬು ಕೊಟ್ಟು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ ಇಡುವುದು. ಫೋನು ಒಂದೂವರೆ ಅಡಿ ಮೇಲೆ, ಫ್ಲಾಶ್ ಬಂದ್. ಒಬ್ಬ ಹಾಳೆ ತಿರುವಬೇಕು, ಒಬ್ಬ ಫೋಟೋ ಹೊಡೆಯಬೇಕು. ಇಪ್ಪತ್ತು ಹಾಳೆಗೊಮ್ಮೆ ನಿಂತು ಪುಟಸಂಖ್ಯೆ ತಾಳೆ ನೋಡಬೇಕು. ಇದೊಂದು ನಿಯಮ ಬಿಟ್ಟರೆ ಕೊನೆಯಲ್ಲಿ ಅಳಬೇಕಾಗುತ್ತದೆ.

ಈಗ ಬರುವುದು ಹೆಚ್ಚು ಹೊತ್ತು ತಿನ್ನುವ ಕೆಲಸ. ಪುಟದ ಚಿತ್ರವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅದೇ ಅಕ್ಷರ ಗುರುತಿಸಿ ಪಠ್ಯ ಕೊಡುತ್ತದೆ. ಹೊಸ ಮುದ್ರಣವಾದರೆ ಬಹಳ ಚಲೋ ಬರುತ್ತದೆ. ಮೊಳೆ ಜೋಡಿಸಿ ಒತ್ತಿದ ಹಳೆಯ ಪುಸ್ತಕದಲ್ಲಿ ತಪ್ಪು ಬೀಳುತ್ತವೆ, ಆದರೆ ಒಂದು ಕ್ರಮದಲ್ಲಿ ಬೀಳುತ್ತವೆ. ಆ ಕ್ರಮ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಅರ್ಕಾವತ್ತು ಮೊದಲನೆಯದು. ಹಳೆಯ ಪುಸ್ತಕದಲ್ಲಿ ‘ಧರ್ಮ’ದ ರಕಾರ ಮಕಾರದ ಬಲಕ್ಕೆ ಕೊಕ್ಕೆಯಾಗಿ ನಿಂತಿರುತ್ತದೆ. ಯಂತ್ರ ಅದನ್ನು ಕನ್ನಡದ ಒಂಬತ್ತು ಎಂದು ಓದಿ ‘ಧಮ೯’ ಎಂದು ಕೊಡುತ್ತದೆ. ‘ಸೂರ್ಯ’ ‘ಸೂಯ೯’ ಆಗುತ್ತದೆ. ಎಲ್ಲ ೯ ತೆಗೆದು ಒಂದೇ ಏಟಿಗೆ ‘ರ್’ ಹಾಕಿದರೆ ‘ಧಮರ್’ ಆಗುತ್ತದೆ, ಏಕೆಂದರೆ ‘ರ್’ ಹಿಂದಿನ ವ್ಯಂಜನದ ಮೊದಲಿಗೆ ಹೋಗಿ ಕೂರಬೇಕು. ಒಂದೊಂದನ್ನೂ ಹುಡುಕಿ ಕೈಯಿಂದಲೇ ತಿದ್ದಬೇಕು. ಒಂದು ಪುಟಕ್ಕೆ ಹತ್ತು ಹನ್ನೆರಡು ಸಿಗುತ್ತವೆ, ಸಂಸ್ಕೃತ ಪದ ಹೆಚ್ಚಿರುವ ಪುಟದಲ್ಲಿ ಇನ್ನೂ ಹೆಚ್ಚು.

ಅನುಸ್ವಾರ ಎರಡನೆಯದು. ಅನುಸ್ವಾರದ ‘ಂ’ ಮತ್ತು ಕನ್ನಡದ ಸೊನ್ನೆ ‘೦’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಕಾಗದದ ಮೇಲೆ ಅಚ್ಚು ಹಾಕುವುದಾದರೆ ನಡೆದುಹೋಗುತ್ತದೆ. ಆದರೆ ನಮ್ಮಲ್ಲಿ ಒಬ್ಬನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಅವ ಫೋನಿನ ಓದುವ ಸೌಲಭ್ಯದಿಂದ ಕೇಳತೊಡಗಿದಾಗ, ಅದು ಅರಸನ ಹೆಸರಿನ ನಡುವೆ ‘ಸೊನ್ನೆ’ ‘ಸೊನ್ನೆ’ ಎನ್ನತೊಡಗಿತು. ಇದನ್ನು ಮಾತ್ರ ಒಂದೇ ಏಟಿಗೆ ಬದಲಿಸಬಹುದು, ಅಂಕಿಗಳ ನಡುವಿನ ಸೊನ್ನೆ ಬಿಟ್ಟು.

ಮೂರನೆಯದು ‘ಮ’ ಮತ್ತು ‘ವು’. ಶಾಯಿ ಹರಡಿದ ಅಚ್ಚಿನಲ್ಲಿ ಇವೆರಡನ್ನು ಯಂತ್ರವೇಕೆ, ಮನುಷ್ಯನೂ ಗುರುತಿಸಲಾರ. ಹಳೆಯ ಗದ್ಯದಲ್ಲಿ ‘ಮರವು’, ‘ಸೈನ್ಯವು’, ‘ಮನವು’ ಎಂದು ಬಹಳ ಪದಗಳು ‘ವು’ ಇಂದ ಮುಗಿಯುತ್ತವೆ, ಆದ್ದರಿಂದ ಈ ತಪ್ಪು ಸಾಲುಸಾಲಿಗೂ ಬರುತ್ತದೆ. ಇದರ ಜೊತೆಗೆ ‘ಪ’, ‘ವ’, ‘ಷ’ ಅದಲುಬದಲಾಗುತ್ತವೆ. ಮಹಾಪ್ರಾಣದ ಕೆಳಗಿನ ಸೀಳಿನಲ್ಲಿ ಶಾಯಿ ತುಂಬಿ ‘ಧ’ ‘ದ’ ಆಗುತ್ತದೆ, ‘ಢ’ ‘ಡ’ ಆಗುತ್ತದೆ.

ಯಾವ ತಪ್ಪನ್ನು ಹುಡುಕಬೇಕೆಂದು ಗೊತ್ತಿದ್ದರೆ ಒಂದು ಪುಟ ತಿದ್ದಲು ಹದಿನೈದು ನಿಮಿಷ ಸಾಕು, ಗೊತ್ತಿಲ್ಲದಿದ್ದರೆ ಅರ್ಧ ತಾಸು. ಒಂದು ಕಂತಿಗೆ ಹದಿನಾರು ಹಳೆಯ ಪುಟ, ಅಂದರೆ ನಾಲ್ಕು ತಾಸು. ಅದನ್ನು ಮೂವರು ಹಂಚಿಕೊಂಡರು. ಆಮೇಲೆ ಕರಡು ತಿದ್ದುವುದಕ್ಕೆ ಇಬ್ಬರು ಬೇಕು: ಒಬ್ಬ ಮೂಲ ಹಿಡಿದು ಗಟ್ಟಿಯಾಗಿ ಓದುತ್ತಾನೆ, ಇನ್ನೊಬ್ಬ ತಿದ್ದಿದ ಪ್ರತಿಯ ಮೇಲೆ ಪೆನ್ಸಿಲ್ ಓಡಿಸುತ್ತಾನೆ. ಒಬ್ಬನೇ ಎರಡನ್ನೂ ನೋಡಿದರೆ ಕಣ್ಣು ತನಗೆ ಬೇಕಾದದ್ದನ್ನೇ ಓದಿಕೊಳ್ಳುತ್ತದೆ. ಕೆಲಸ ಬೇಗ ಆಗಲೆಂದು ಒಂದು ಕಂತನ್ನು ಡಿಟಿಪಿ ಅಂಗಡಿಗೆ ಕೊಟ್ಟು ನೋಡಿದೆವು. ಟೈಪು ಚೊಕ್ಕಾಗಿತ್ತು, ಆದರೆ ಫೈಲು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿತ್ತು. ವಾಟ್ಸಾಪಿಗೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಅಂಗಡಿಯವರಿಗೆ ಮೊದಲೇ ‘ಯೂನಿಕೋಡಿನಲ್ಲಿ ಬೇಕು’ ಎಂದು ಹೇಳಬೇಕು, ಇಲ್ಲವೇ ಪರಿವರ್ತಕದಲ್ಲಿ ಹಾಕಿ ಮತ್ತೊಮ್ಮೆ ಒತ್ತಕ್ಷರ ನೋಡಬೇಕು.

ಗಳಗನಾಥರ ಭಾಷೆಗೆ ಎಷ್ಟು ಕೈ ಹಾಕಬೇಕು? ಇದರ ಮೇಲೆ ಒಂದು ಇಡೀ ಭಾನುವಾರ ಹೋಯಿತು. ಪದ ಮುಟ್ಟಬಾರದು, ವಾಕ್ಯ ಒಡೆಯಬಾರದು ಎಂದು ಗೆರೆ ಹಾಕಿಕೊಂಡೆವು. ಉದ್ದ ಪ್ಯಾರಾ ಮಾತ್ರ ಒಡೆದೆವು, ಸಂಭಾಷಣೆಯನ್ನು ಹೊಸ ಸಾಲಿನಿಂದ ಶುರು ಮಾಡಿದೆವು. ಬೆನ್ನುಪುಟದಲ್ಲಿ ಎಂಟೇ ಪದಗಳಿಗೆ ಅರ್ಥ, ಅದಕ್ಕಿಂತ ಹೆಚ್ಚಾದರೆ ಪಾಠಪುಸ್ತಕದ ವಾಸನೆ ಬರುತ್ತದೆ. ಅರ್ಥ ಕೊಡಬೇಕಾದದ್ದು ಸಂಸ್ಕೃತದ ಸಮಾಸಗಳಿಗೆ. ಮರಾಠಿ, ಫಾರಸಿ ಮೂಲದ ಮಾತಿಗೆ ಬೇಕಾಗಲಿಲ್ಲ. ಖರೆ, ಮುದ್ದಾಂ, ಬಂದೋಬಸ್ತು ಎಂಬಂಥವು ನಮ್ಮ ಕಡೆ ಇನ್ನೂ ಬಾಯಲ್ಲಿವೆ. ಬೆಂಗಳೂರಿನ ಓದುಗರಿಗೆ ಗೊತ್ತಾಗದ ಪದ ಹಾವೇರಿಯ ಮೆಣಸಿನಕಾಯಿ ದಲಾಲಿಗೆ ಗೊತ್ತಿರುತ್ತದೆ. ಈ ಲಾಭ ನಮಗೆ ಪುಕ್ಕಟೆ ಸಿಕ್ಕಿತು.

ಪುಸ್ತಿಕೆಯ ಲೆಕ್ಕ ಹೀಗೆ. ಗಟ್ಟಿಯಾಗಿ ಓದಿದರೆ ನಿಮಿಷಕ್ಕೆ ಸುಮಾರು 90 ಪದ. ನಲವತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಯಾರೂ ಕೂರುವುದಿಲ್ಲ, ನಡುವೆ ಚಹಾ ಬರುತ್ತದೆ. ಅಂದರೆ ಕಂತಿಗೆ 3,600 ಪದ. ಎ4 ಹಾಳೆಯನ್ನು ನಡುವೆ ಮಡಿಚಿದ ಅಳತೆಯಲ್ಲಿ 14 ಪಾಯಿಂಟ್ ಅಕ್ಷರ, ಒಂದೂವರೆ ಸಾಲಿನ ಅಂತರ ಇಟ್ಟರೆ ಪುಟಕ್ಕೆ 190-200 ಪದ ಹಿಡಿಯುತ್ತವೆ. ಹತ್ತೊಂಬತ್ತು ಪುಟ ಪಠ್ಯ, ಒಂದು ಪುಟ ಪದಗಳ ಅರ್ಥ, ಒಟ್ಟು 20. ಮಡಿಚಿದ ಪುಸ್ತಿಕೆಯಲ್ಲಿ ಪುಟಗಳು ನಾಲ್ಕರ ಗುಣಕದಲ್ಲಿ ಇರಲೇಬೇಕು. 21 ಪುಟವಾದರೆ ಮೂರು ಖಾಲಿ ಬೀಳುತ್ತವೆ. ಐದು ಹಾಳೆ, ಹತ್ತು ಬದಿ, ಬದಿಗೆ 2 ರೂಪಾಯಿಯಂತೆ ಪ್ರತಿಗೆ 20. ಎಂಟು ಪ್ರತಿಗೆ 160, ಇಪ್ಪತ್ತೊಂದು ಕಂತಿಗೆ 3,360 ರೂಪಾಯಿ. ಪಿನ್ನು, ರಟ್ಟು, ಅಂಟು ಸೇರಿ ಇನ್ನೊಂದು 240. ತಲಾ 450 ಹಾಕಿದರೆ ಮುಗಿಯಿತು. ಅದನ್ನೂ ಮೊದಲೇ ಕೂಡಿಸಿಕೊಂಡೆವು. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ಕಟ್ಟಿಕೊಂಡು ನಡೆದದ್ದನ್ನು ನೋಡಿದ ಸೀಮೆ ಇದು, ಚಂದಾ ಎಂದರೆ ಯಾರೂ ಬೇಸರಪಡಲಿಲ್ಲ. ರೊಕ್ಕ ಕೊಟ್ಟವನು ಬರುತ್ತಾನೆ ಕೂಡ.

ನಡುವೆ ಪಿನ್ನು ಹೊಡೆಯಲು ಉದ್ದ ಕೈಯ ಸ್ಟೇಪ್ಲರ್ ಬೇಕೆನ್ನುತ್ತಾರೆ. ಬೇಕಿಲ್ಲ. ಸಾಧಾರಣ ಸ್ಟೇಪ್ಲರನ್ನು ಪೂರಾ ಬಿಚ್ಚಿ, ಹಾಳೆಗಳ ಕೆಳಗೆ ಥರ್ಮಾಕೋಲ್ ತುಂಡಿಟ್ಟು, ಮಡಿಕೆಯ ಗೆರೆಯ ಮೇಲೆ ಒತ್ತಿದರೆ ಪಿನ್ನು ನೇರ ಇಳಿಯುತ್ತದೆ. ಥರ್ಮಾಕೋಲ್ ಕಿತ್ತು, ಒಳಬದಿಯಲ್ಲಿ ಎದ್ದ ಎರಡು ಮೊನೆಗಳನ್ನು ಚಮಚದ ಬೆನ್ನಿನಿಂದ ಬಾಗಿಸುವುದು. ಐದು ಹಾಳೆಗೆ ಇದು ಸಾಕು. ಅಂಗಡಿಯಲ್ಲಿ ಅಚ್ಚು ಹಾಕುವಾಗ ಎರಡೂ ಬದಿಗೆ ಗಿಡ್ಡ ಅಂಚಿನ ಮೇಲೆ ತಿರುವಬೇಕೆಂದು ಹೇಳಿ. ಹೇಳದೆ ಇದ್ದುದರಿಂದ ನಮ್ಮ ಮೊದಲ ಎಂಟು ಪ್ರತಿಗಳಲ್ಲಿ ಅರ್ಧ ಪುಟಗಳು ತಲೆಕೆಳಗಾಗಿ ಬಂದವು, 160 ರೂಪಾಯಿ ನೀರಿಗೆ.

ಓದಿನ ಮಾತು. ಮೊದಲ ಕೂಟ ಕೆಟ್ಟದ್ದು ಪೀಠಿಕೆಯಿಂದ. ಗಳಗನಾಥರ ಮಹತ್ವದ ಬಗ್ಗೆ ಇಪ್ಪತ್ತು ನಿಮಿಷ ಭಾಷಣ, ಜೀವನ ಚರಿತ್ರೆ ಹತ್ತು ನಿಮಿಷ. ಓದು ಶುರುವಾಗುವ ಹೊತ್ತಿಗೆ ಮಿರ್ಚಿ ಆರಿತ್ತು, ಜನರೂ ಆರಿದ್ದರು. ಹಳೆಯ ಗೆಳೆಯರಿಗೆ ಒಂದು ಗುಣವಿದೆ: ಯಾರಾದರೂ ‘ಇದು ಬಹಳ ಶ್ರೇಷ್ಠ’ ಎಂದರೆ ಅದರಲ್ಲಿ ಹುಳುಕು ಹುಡುಕುವುದು ತಮ್ಮ ಜವಾಬ್ದಾರಿ ಎಂದುಕೊಳ್ಳುತ್ತಾರೆ. ಐವತ್ತು ವರ್ಷದಿಂದ ಹಾಗೇ ನಡೆದಿದೆ. ಎರಡನೆಯ ಸಲದಿಂದ ಪೀಠಿಕೆಗೆ ಎರಡು ನಿಮಿಷ ಎಂದು ಗಡಿಯಾರ ಇಟ್ಟೆವು. ಹೊಗಳಿಕೆ ಪೂರಾ ಬಂದ್. ಹಿಂದಿನ ಕಂತಿನಲ್ಲಿ ಕಥೆ ಎಲ್ಲಿ ನಿಂತಿತ್ತು ಎಂಬುದಷ್ಟೇ, ಅದನ್ನೂ ಕಳೆದ ಸಲ ಬಾರದವನು ಕೇಳಿದರೆ ಮಾತ್ರ.

ಎರಡನೆಯ ತಪ್ಪು, ಮೊದಲನೆಯ ಪುಟದಿಂದಲೇ ಶುರು ಮಾಡಿದ್ದು. ಆ ಕಾಲದ ಕಾದಂಬರಿಗಳು ನಿಧಾನವಾಗಿ ಏಳುತ್ತವೆ. ಊರು, ಋತು, ಹೊತ್ತು, ಎಲ್ಲ ಹೇಳಿ ಆಮೇಲೆ ಮನುಷ್ಯರು ಬರುತ್ತಾರೆ. ಒಬ್ಬನೇ ಕೂತು ಓದುವಾಗ ಅದು ಚಂದ, ಗುಂಪಿಗೆ ಗಟ್ಟಿಯಾಗಿ ಓದುವಾಗ ಮೊದಲ ಹತ್ತು ನಿಮಿಷದಲ್ಲಿ ಇಬ್ಬರಾದರೂ ಮಾತಾಡುವ ದೃಶ್ಯ ಬೇಕು. ಹೊಸ ಗುಂಪಿಗೆ ಓದಿಸುವುದಿದ್ದರೆ ಸಂಭಾಷಣೆ ಜೋರಾಗಿರುವ ಒಂದು ಅಧ್ಯಾಯವನ್ನು ಆಯ್ದು ಮೊದಲು ಓದಿ, ಆಮೇಲೆ ಹಿಂದಕ್ಕೆ ಹೋಗುವುದು ಒಳ್ಳೆಯದು.

ವಾಕ್ಯಗಳ ಉದ್ದವೇ ದೊಡ್ಡ ತೊಡಕು. ಪದಗಳು ಕಠಿಣವಲ್ಲ, ಕಟ್ಟು ಕಠಿಣ. ಆ ಕಾಲದ ಗದ್ಯದ ಕಟ್ಟು ಹೇಗಿರುತ್ತಿತ್ತೆಂದು ತೋರಿಸಲು ನಾವೇ ಕಟ್ಟಿದ ಒಂದು ಸಾಲು ಇಲ್ಲಿದೆ: ‘ದೂತನು ಬಂದು ನಿಲ್ಲಲು, ಅವನ ಮುಖವನ್ನು ನೋಡಿ ದೊರೆಯು ಏಳಲು, ಸಭೆಯವರು ಮಾತಾಡದೆ ಇರಲು, ಮಂತ್ರಿಯು ಮೆಲ್ಲನೆ ಮುಂದೆ ಬಂದನು.’ ‘ಲು’ ಬಂದಲ್ಲೆಲ್ಲ ಕರ್ತೃ ಬದಲಾಗುತ್ತಾನೆ. ದೂತ, ದೊರೆ, ಸಭೆ, ಮಂತ್ರಿ, ನಾಲ್ಕು ಮಂದಿ ಒಂದೇ ವಾಕ್ಯದಲ್ಲಿ. ಕಣ್ಣಿನಿಂದ ಓಡುತ್ತ ಓದಿದರೆ ಯಾರು ಎದ್ದರು, ಯಾರು ಬಂದರು ಗೊಂದಲ. ಆದರೆ ಇದೇ ವಾಕ್ಯವನ್ನು ಪುರಾಣ ಹೇಳುವವರ ಹಾಗೆ ‘ನಿಲ್ಲಲು’ ಎಂದು ತುಸು ಎಳೆದು, ಅಲ್ಲಿ ಉಸಿರು ತೆಗೆದುಕೊಂಡು ಓದಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಈ ಗದ್ಯದಲ್ಲಿ ಕಿವಿಗೆ ಸಿಗುವಷ್ಟು ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ, ಓದುವವನು ಹಿಂದಿನ ದಿನ ತನ್ನ ಪ್ರತಿಯಲ್ಲಿ ಪ್ರತಿ ‘ಲು’ ಮುಂದೆ ಪೆನ್ಸಿಲಿನ ಒಂದು ಓರೆಗೆರೆ, ಪೂರ್ಣವಿರಾಮಕ್ಕೆ ಎರಡು ಗೆರೆ ಹಾಕಿಕೊಂಡು ಬರಬೇಕೆಂದು ಮಾಡಿದೆವು. ಗೆರೆ ಹಾಕದೆ ಬಂದವನಿಗೆ ಆ ದಿನ ಓದು ಇಲ್ಲ, ಚಹಾ ಹಂಚುವ ಕೆಲಸ.

ಒಬ್ಬ ಐದು ಪುಟ ಓದಬೇಕು, ಆಮೇಲೆ ಬದಲು. ನಾಟಕದ ಧ್ವನಿ ಬೇಡ. ಕಂಪನಿ ನಾಟಕ ನೋಡಿ ಬೆಳೆದ ಸೀಮೆಯಾದ್ದರಿಂದ ಒಬ್ಬಿಬ್ಬರಿಗೆ ಆ ಚಟ ಇತ್ತು. ಅರಸನ ಮಾತಿಗೆ ಗಂಟಲು ದಪ್ಪ ಮಾಡಿದರೆ ಮಿಕ್ಕವರು ನಗುತ್ತಾರೆ, ಆಮೇಲೆ ಗಂಭೀರ ದೃಶ್ಯಕ್ಕೂ ನಗುತ್ತಾರೆ. ಕಂತನ್ನು ಅಧ್ಯಾಯ ಮುಗಿದಲ್ಲಿ ಮುಗಿಸಬಾರದು, ಪೇಚು ಬಿಗಿಯಾದಲ್ಲಿ ನಿಲ್ಲಿಸಬೇಕು. ಏಳನೆಯ ಕಂತಿನಲ್ಲಿ ಹಾಗೆ ನಿಲ್ಲಿಸಿದಾಗ ಮೊದಲ ಬಾರಿ ಆ ಮಾತು ಬಂತು: ‘ಮುಂದ ಏನಾತಲೇ? ಇನ್ನ ಹದಿನೈದ ದಿನ ಕಾಯಬೇಕೇನು?’ ಆ ವಾರದಿಂದ ಪುಸ್ತಿಕೆಯನ್ನು ಕೂಟದ ದಿನವೇ ಕೊಡುವುದು ಬಿಟ್ಟು, ಮೂರು ದಿನ ಮೊದಲು ಮನೆಗೆ ಮುಟ್ಟಿಸತೊಡಗಿದೆವು. ಇನ್ನೂ ಬೇಗ ಕೊಟ್ಟರೆ ಕಳೆದುಕೊಳ್ಳುತ್ತಾರೆ.

ಬರಲಾಗದವರಿಗೆ ಧ್ವನಿಮುದ್ರಿಕೆ. ನಲವತ್ತು ನಿಮಿಷದ ಒಂದೇ ಕಡತ ಯಾರೂ ಕೇಳಲಿಲ್ಲ. ಅದನ್ನೇ ಆರಾರು ನಿಮಿಷದ ತುಂಡು ಮಾಡಿ, ಬೆಳಗಿನ ವಾಕಿಂಗಿನ ಹೊತ್ತಿಗೆ ದಿನಕ್ಕೊಂದು ಕಳಿಸಿದಾಗ ಕೇಳಿದರು. ಫ್ಯಾನ್ ಬಂದ್ ಮಾಡಿ, ಫೋನನ್ನು ಬಾಯಿಂದ ಒಂದು ಗೇಣು ದೂರ, ಮಡಿಚಿದ ಟವೆಲ್ಲಿನ ಮೇಲೆ ಇಟ್ಟು ಮುದ್ರಿಸಬೇಕು. ಮೇಜಿನ ಮೇಲೆ ಬರಿದೇ ಇಟ್ಟರೆ ಹಾಳೆ ತಿರುವಿದ ಸದ್ದು ಗುಡುಗಿನಂತೆ ಕೇಳುತ್ತದೆ.

ಎರಡು ಜಗಳ ಬಂದೇ ಬರುತ್ತವೆ, ತಯಾರಾಗಿರಬೇಕು. ಒಂದು: ‘ಇದು ಮರಾಠಿಯಿಂದ ತಂದದ್ದಲ್ಲೇನು, ಇದರಾಗ ಗಳಗನಾಥರದ್ದೇನು?’ ನಿಜ, ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ ಇದರ ಮೂಲ. ಇದನ್ನು ಮುಚ್ಚಿಡಬಾರದು, ಮೊದಲ ಕಂತಿನ ಒಳಪುಟದಲ್ಲೇ ಅಚ್ಚು ಹಾಕಿದೆವು. ಆಗ ನಮ್ಮ ಸೀಮೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಓದಲು ಕೂತವನ ಕೈಗೆ ಮೊದಲು ಸಿಗುತ್ತಿದ್ದದ್ದು ಮರಾಠಿ ಪುಸ್ತಕ. ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ್ದೇ ಅಂಥ ಸ್ಥಿತಿಯಲ್ಲಿ. ಆದರೆ ಬಾಯಿಮಾತಿನ ಉತ್ತರಕ್ಕಿಂತ ಹೆಸರುಗಳನ್ನು ಪಕ್ಕಪಕ್ಕ ಬರೆದು ತೋರಿಸಿದ್ದು ಕೆಲಸ ಮಾಡಿತು. ವಜ್ರಾಘಾತ ಎಂದರೆ ಸಿಡಿಲಿನ ಹೊಡೆತ, ಮೇಲಿನಿಂದ ಬಂದು ಬೀಳುವಂಥದು. ಕರ್ಮಕಥೆ ಎಂದರೆ ನಾವು ಮಾಡಿದ್ದು, ನಾವು ಉಂಡದ್ದು, ಅದೂ ‘ಕನ್ನಡಿಗರ’ ಕರ್ಮ. ಅದೇ ಸೋಲಿಗೆ ಹೊಣೆ ಯಾರು ಎಂಬ ಉತ್ತರವನ್ನು ಶೀರ್ಷಿಕೆಯಲ್ಲೇ ಬದಲಿಸಿದ್ದಾರೆ. ಮರಾಠಿ ಓದಬಲ್ಲವರು ನಿಮ್ಮಲ್ಲಿದ್ದರೆ ಒಂದು ಅಧ್ಯಾಯವನ್ನಾದರೂ ಎರಡು ಕಾಲಮ್ಮಿನಲ್ಲಿ ಹಾಕಿ ನೋಡಿ. ಆಪಟೆಯವರು ತೀರಿಕೊಂಡದ್ದು 1919ರಲ್ಲಿ, ಅಲ್ಲಿಯೂ ಹಕ್ಕಿನ ತೊಂದರೆ ಇಲ್ಲ.

ಎರಡನೆಯ ಜಗಳ ಚರಿತ್ರೆಯದು, ಇದು ಬೇಗ ಇವತ್ತಿನ ರಾಜಕೀಯಕ್ಕೆ ಜಾರುತ್ತದೆ. ಒಂದೇ ಪುಟದ ಒಂದು ಹಾಳೆ ಮಾಡಿ ಎಲ್ಲರಿಗೂ ಕೊಟ್ಟೆವು: ಯುದ್ಧವಾದದ್ದು 1565ರ ಜನವರಿ 23; ಒಂದು ಕಡೆ ಅಳಿಯ ರಾಮರಾಯ, ಇನ್ನೊಂದು ಕಡೆ ವಿಜಾಪುರ, ಅಹ್ಮದನಗರ, ಗೋಲ್ಕೊಂಡ, ಬೀದರಿನ ಸುಲ್ತಾನರು; ರಕ್ಕಸಗಿ, ತಂಗಡಗಿ ಎಂಬ ಎರಡು ಊರ ಹೆಸರು ಸೇರಿ ರಕ್ಕಸತಂಗಡಿ. ಅದರ ಕೆಳಗೆ ‘ಇಷ್ಟು ಚರಿತ್ರೆ, ಉಳಿದದ್ದು ಕಾದಂಬರಿ’ ಎಂದು ದಪ್ಪ ಅಕ್ಷರದಲ್ಲಿ. ಜಗಳ ನಿಲ್ಲಲಿಲ್ಲ, ಆದರೆ ‘ಹಾಳಿ ನೋಡಲಾ’ ಎಂದು ಹೇಳಲು ಒಂದು ಕಾಗದ ಇದ್ದದ್ದರಿಂದ ಹತ್ತು ನಿಮಿಷದಲ್ಲಿ ಮತ್ತೆ ಪುಸ್ತಕಕ್ಕೆ ಬರುತ್ತಿದ್ದರು.

ಗಳಗನಾಥಕ್ಕೆ ಹೋಗಿ ಬರುವುದನ್ನು ಓದು ಮುಗಿದ ಮೇಲೆ ಇಟ್ಟುಕೊಳ್ಳಿ. ಮೊದಲೇ ಹೋದರೆ ಹೊಳೆ, ಗಳಗೇಶ್ವರ ಗುಡಿ, ಬುತ್ತಿ ಎಂದು ಪ್ರವಾಸವಾಗುತ್ತದೆ, ಲೇಖಕ ಮರೆತುಹೋಗುತ್ತಾನೆ. ಓದಿ ಹೋದಾಗ ಸಂಗಮದ ದಂಡೆಯ ಮೇಲೆ ಕೂತು ಕೊನೆಯ ಕಂತಿನ ಐದು ಪುಟ ಓದಬಹುದು. ಗಾಳಿ ಜೋರಿರುತ್ತದೆ, ಹಾಳೆಗೆ ಕ್ಲಿಪ್ಪು ಒಯ್ಯಬೇಕು.

ಈಗ ಇಪ್ಪತ್ತೊಂದು ಪುಸ್ತಿಕೆಗಳನ್ನು ಒಂದು ರಟ್ಟಿನೊಳಗೆ ಹೊಲಿಸಿದ್ದೇವೆ, ಪಠ್ಯದ ಫೈಲು ಮೂವರ ಹತ್ತಿರ ಬೇರೆಬೇರೆ ಕಡೆ ಇದೆ. ಹದಿಮೂರನೆಯ ಪುಸ್ತಿಕೆಯ ಎರಡು ಪುಟ ಮಾತ್ರ ಖಾಲಿ. ಸ್ಕ್ಯಾನಿನಲ್ಲಿ ಆ ಹಾಳೆ ತಪ್ಪಿತ್ತು, ಅಟ್ಟದ ಪ್ರತಿಯಲ್ಲಿ ಹರಿದಿತ್ತು. ಕಥೆಯನ್ನು ನಾವೇ ಊಹಿಸಿ ಸೇರಿಸಬಹುದೆಂದು ಒಬ್ಬ ಹೇಳಿದ, ಉಳಿದ ಏಳು ಮಂದಿ ಬೇಡವೆಂದರು. ಪುಟಸಂಖ್ಯೆ ಹಾಕಿ ಬಿಳಿ ಬಿಟ್ಟಿದ್ದೇವೆ. ಇನ್ನೊಂದು ಹಳೆಯ ಪ್ರತಿ ಸಿಕ್ಕ ದಿನ ಅಳತೆಗೆ ಕತ್ತರಿಸಿ ಅಂಟಿಸಲು ಅಂಚಿನಲ್ಲಿ ಅರ್ಧ ಇಂಚು ಜಾಗವನ್ನೂ ಇಟ್ಟಿದೆ.